ದಾರ ನೇರವಾಗುವ ತನಕ

ಸೋದರಿಯರೇ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಗಾಳ ಹಾಕುವ ವಿಷಯ. ಆದರೆ ಇದರಲ್ಲಿ ಮೀನಿಲ್ಲ. ಗಾಳದ ಕೋಲಿದೆ, ದಾರವಿದೆ, ಕೊಕ್ಕೆಯಿಲ್ಲ. ಕೊಳವಿದೆ, ಕೊಳದಲ್ಲಿ ನೀರು ಬಿಟ್ಟರೆ ಬೇರೇನೂ ಇಲ್ಲ. ಇದೇನಪ್ಪಾ ಒಗಟು ಎನ್ನುತ್ತೀರೇನೋ! ನಾನೂ ಮೊದಲ ದಿನ ಹಾಗೇ ಅಂದುಕೊಂಡೆ. ಅರವತ್ತೊಂದು ವಯಸ್ಸಿನ, ಮೀನು ಮುಟ್ಟದ ಮನೆಯ ಹೆಂಗಸು ಅಮೆರಿಕಾದ ಒಂದು ಕೊಳದ ದಂಡೆಯಲ್ಲಿ ನಿಂತು ಬೇಸಿಗೆಯುದ್ದಕ್ಕೂ ದಾರ ಬೀಸಿದಳೆಂದರೆ ನಮ್ಮ ತಿಪಟೂರಿನಲ್ಲಿ ನಂಬುವವರು ಯಾರು? ನಂಬಲಿ ಬಿಡಲಿ, ಆ ದಾರ ನನಗೊಂದು ಪಾಠ ಕಲಿಸಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಕುಳಿತಿದ್ದೇನೆ.

2023ರ ಏಪ್ರಿಲಿನಲ್ಲಿ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದೆ. ನಮ್ಮವರು ತೀರಿಕೊಂಡು ಎರಡು ವರ್ಷವಾಗಿತ್ತು. "ಒಬ್ಬಳೇ ಕೂತು ಏನು ಮಾಡ್ತೀಯಮ್ಮ, ಬಾ, ಆರು ತಿಂಗಳು ಇದ್ದು ಹೋಗು" ಎಂದು ಮಗಳು ಟಿಕೆಟ್ಟು ಕಳಿಸಿದ್ದಳು. ಮಗಳು, ಅಳಿಯ ಇಬ್ಬರೂ ಕೆಲಸದವರು. ಎಂಟು ವರ್ಷದ ಮೊಮ್ಮಗ. ಅವನಿಗೆ ನನ್ನ ಕನ್ನಡ ಅರ್ಧ ತಿಳಿಯುತ್ತದೆ, ನನಗೆ ಅವನ ಇಂಗ್ಲಿಷು ಅರ್ಧ ತಿಳಿಯುತ್ತದೆ. ಹೇಗೋ ಎರಡು ಅರ್ಧ ಸೇರಿ ಒಂದಾಗುತ್ತಿತ್ತು.

ಒಂದು ಶನಿವಾರ ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿಗೆ ಹೋದೆವು. ಅಲ್ಲಿ ಬೈಸನ್ ಎಂಬ, ನಮ್ಮ ಕಾಡುಕೋಣದಂಥ ಪ್ರಾಣಿಗಳನ್ನು 1890ರ ದಶಕದಿಂದ ಸಾಕಿಕೊಂಡು ಬಂದಿದ್ದಾರೆ. ಮೊಮ್ಮಗನಿಗೆ ಅದನ್ನು ನೋಡುವ ಆಸೆ. ನೋಡಿದ್ದಾಯಿತು. ರಸ್ತೆ ದಾಟಿ ಎದುರಿಗೆ ಹೋದರೆ ನೀಲಗಿರಿ ಮರಗಳ ನಡುವೆ ಸಿಮೆಂಟು ಕಟ್ಟಿದ ಮೂರು ದೊಡ್ಡ ಕೊಳಗಳು. ಒಂದರಲ್ಲೂ ಈಜುವವರಿಲ್ಲ, ದೋಣಿಯಿಲ್ಲ. ದಂಡೆಯಲ್ಲಿ ಹತ್ತು ಹನ್ನೆರಡು ಜನ ಉದ್ದನೆಯ ಕೋಲು ಹಿಡಿದು ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದರು. ಬೂದು ಬಣ್ಣದ ಮಂಜಿನಲ್ಲಿ ಆ ದಾರ ಒಮ್ಮೆ ಬಿಚ್ಚಿಕೊಳ್ಳುವುದು, ಒಮ್ಮೆ ಸುತ್ತಿಕೊಳ್ಳುವುದು, ಕೊನೆಗೆ ಸದ್ದಿಲ್ಲದೆ ನೀರಿನ ಮೇಲೆ ಮಲಗುವುದು. ನಿಜ ಹೇಳುತ್ತೇನೆ, ಅಷ್ಟು ಚೆಂದದ ಕೆಲಸವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಈ ಕೊಳಗಳನ್ನು 1938ರಲ್ಲಿ ಕಟ್ಟಿದ್ದು, ಎಸೆತದ ಅಭ್ಯಾಸಕ್ಕೆಂದೇ. ಅಲ್ಲಿನ ಸಂಘ 1933ರಲ್ಲಿ ಹುಟ್ಟಿದ್ದಂತೆ. ಮೀನಿಲ್ಲ, ಟಿಕೆಟ್ಟಿಲ್ಲ, ಯಾರು ಬೇಕಾದರೂ ಬಂದು ಎಸೆಯಬಹುದು. ನಾವು ನೋಡುತ್ತ ನಿಂತಿದ್ದಾಗ ಬಿಳಿ ಕೂದಲಿನ, ಹುಲ್ಲು ಟೋಪಿಯ ಹಿರಿಯಾಕೆಯೊಬ್ಬಳು ಮೊಮ್ಮಗನನ್ನು ಕರೆದು ಕೋಲು ಕೊಟ್ಟಳು. ಎಪ್ಪತ್ತೈದು ದಾಟಿದವಳು. ಅವನು ನಾಲ್ಕು ಸಲ ಬೀಸಿ ಕುಣಿದಾಡಿದ. ಆಮೇಲೆ ಆಕೆ ನನ್ನ ಕಡೆ ತಿರುಗಿ, "ಈಗ ನೀವು" ಎಂದಳು. ನಾನು ಸೀರೆ ತೋರಿಸಿದೆ. "ಸೀರೆಗೂ ತೋಳಿಗೂ ಏನು ಸಂಬಂಧ?" ಎಂದಳಾಕೆ. ಸೆರಗು ಸಿಕ್ಕಿಸಿಕೊಂಡೆ.

ಇದಕ್ಕೆ ಫ್ಲೈ ಫಿಷಿಂಗ್ ಎನ್ನುತ್ತಾರೆ. ನಮ್ಮ ಕಡೆ ಹುಡುಗರು ಕೆರೆಯಲ್ಲಿ ಗಾಳ ಹಾಕುವುದನ್ನು ನೀವು ನೋಡಿರುತ್ತೀರಿ. ಎರೆಹುಳು, ಅದಕ್ಕೊಂದು ಸೀಸದ ಗುಂಡು. ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಹಾಗಲ್ಲ. ಕೊಕ್ಕೆಗೆ ಕಟ್ಟುವುದು ಹಕ್ಕಿಯ ಪುಕ್ಕ, ನೂಲು ಸುತ್ತಿ ಮಾಡಿದ ನೊಣದ ಆಕಾರ. ಊದಿದರೆ ಹಾರಿಹೋಗುವಷ್ಟು ಹಗುರ. ಅದನ್ನು ಎಸೆಯುತ್ತೇನೆಂದರೆ ಮೂಗಿನ ಮುಂದೆಯೇ ಬೀಳುತ್ತದೆ. ಆದ್ದರಿಂದ ಭಾರವನ್ನು ದಾರದಲ್ಲೇ ಇಟ್ಟಿದ್ದಾರೆ. ದಪ್ಪನೆಯ, ಪ್ಲಾಸ್ಟಿಕ್ ಲೇಪದ ದಾರ. ಐದನೇ ನಂಬರಿನ ದಾರವಾದರೆ ಮೊದಲ 30 ಅಡಿಗೆ ಸುಮಾರು 9 ಗ್ರಾಂ ತೂಕ, ಎರಡು ಟೀ ಚಮಚ ಸಕ್ಕರೆಯಷ್ಟು. ಆ ಎರಡು ಚಮಚದ ತೂಕ 9 ಅಡಿ ಉದ್ದದ ಕೋಲನ್ನು ಬಗ್ಗಿಸಬೇಕು, ಬಗ್ಗಿದ ಕೋಲು ನೆಟ್ಟಗಾಗುವಾಗ ದಾರವನ್ನು ಚಿಮ್ಮಬೇಕು. ನೊಣ ಸುಮ್ಮನೆ ದಾರದ ಹಿಂದೆ ಹೋಗುತ್ತದೆ, ಬಂಡಿಯ ಹಿಂದೆ ಕರು ಹೋದ ಹಾಗೆ.

ಅಭ್ಯಾಸದ ಕೊಳದಲ್ಲಿ ಕೊಕ್ಕೆ ಕಟ್ಟುವುದಿಲ್ಲ. ಕೊನೆಗೊಂದು ಉಲ್ಲನ್ ನೂಲಿನ ತುಣುಕು, ಅಷ್ಟೆ. ಹಾಗಾಗಿ ನನ್ನ ಮನಸ್ಸಿಗೂ ಸಂಕಟವಿರಲಿಲ್ಲ.

ಮೊದಲ ದಿನ ನನ್ನ ದಾರ ಹೋದದ್ದು 20 ಅಡಿ. ನಮ್ಮ ಲೆಕ್ಕದಲ್ಲಿ ಮೂರು ಮಾರಿಗೆ ಸ್ವಲ್ಪ ಹೆಚ್ಚು. ಅದೂ ನೇರವಾಗಿ ಅಲ್ಲ, ಶ್ಯಾವಿಗೆ ಒತ್ತಿದ ಹಾಗೆ ಗುಡ್ಡೆಯಾಗಿ. ಪಕ್ಕದಲ್ಲಿ ಹುಡುಗಿಯೊಬ್ಬಳು ಸಲೀಸಾಗಿ 60 ಅಡಿಗೆ ಹಾಕುತ್ತಿದ್ದಳು. ನನಗೆ ರೋಷ ಬಂತು. ಬಾವಿಯಿಂದ ನೀರು ಸೇದಿದ ಕೈ ಇದು, ನಮ್ಮತ್ತೆಯ ಕಾಲದ ಒರಳಿನಲ್ಲಿ ರುಬ್ಬಿದ ಕೈ. ಇಷ್ಟು ಹಗುರವಾದ ಕೋಲಿಗೆ ಸೋಲುವುದೇ? ಹಲ್ಲು ಕಚ್ಚಿ ಬಲವೆಲ್ಲ ಹಾಕಿ ಬೀಸಿದೆ. ದಾರ ನನ್ನ ಕೊರಳಿಗೇ ಸುತ್ತಿಕೊಂಡಿತು! ಮೊಮ್ಮಗ ಬಿದ್ದು ಬಿದ್ದು ನಕ್ಕ. ಮನೆಗೆ ಬಂದ ಮೇಲೆ ಬಲ ಹೆಗಲು ಎರಡು ದಿನ ನೋಯಿತು.

ಆದರೂ ಮುಂದಿನ ಶನಿವಾರ ನಾನೇ, "ಕೊಳಕ್ಕೆ ಹೋಗೋಣ್ವೇನೇ?" ಎಂದೆ. ಮಗಳು ಆಶ್ಚರ್ಯದಿಂದ ನೋಡಿದಳು. ಎರಡು ವರ್ಷದಲ್ಲಿ ನಾನಾಗಿ ಎಲ್ಲಿಗಾದರೂ ಹೋಗೋಣ ಎಂದದ್ದು ಅದೇ ಮೊದಲಂತೆ. ಅದು ನನಗೇ ಗೊತ್ತಿರಲಿಲ್ಲ.

ಹಿರಿಯಾಕೆ ನನ್ನ ಮಣಿಕಟ್ಟು ಹಿಡಿದು ಹೇಳಿದ ಮೊದಲ ಪಾಠ ಇದು: ದೂರಕ್ಕೆ ಹೋಗುವುದು ಬಲದಿಂದಲ್ಲ, ನಿಲ್ಲಿಸುವುದರಿಂದ. ನಿಧಾನವಾಗಿ ಶುರು ಮಾಡಬೇಕು, ಒಂದೇ ಸಮನೆ ವೇಗ ಏರಿಸಬೇಕು, ಆಮೇಲೆ ಠಪ್ಪೆಂದು ನಿಲ್ಲಿಸಬೇಕು. ಕೋಲು ನಿಂತಾಗಲೇ ಅದರಲ್ಲಿ ಕೂಡಿಟ್ಟ ಶಕ್ತಿ ದಾರಕ್ಕೆ ಹೋಗುವುದು. ನಾನು ಮಾಡುತ್ತಿದ್ದುದೇನು? ನಿಲ್ಲಿಸದೆ ಗುಡಿಸುತ್ತಿದ್ದೆ, ಕಸಪೊರಕೆ ಹಿಡಿದವಳ ಹಾಗೆ.

ಆಕೆಯ ಇಂಗ್ಲಿಷು ಪೂರ್ತಿ ತಿಳಿಯಲಿಲ್ಲ. ಆದರೆ ಠಪ್ಪೆಂದು ನಿಲ್ಲಿಸುವುದೆಂದಾಗ ನನಗೆ ಥಟ್ಟನೆ ನೆನಪಾದದ್ದು ಒದ್ದೆ ಸೀರೆ. ಒಗೆದ ಸೀರೆಯನ್ನು ಹಗ್ಗಕ್ಕೆ ಹಾಕುವ ಮೊದಲು ನಾವು ಕೊಡವುತ್ತೇವಲ್ಲ, ಆಗ ಏನು ಮಾಡುತ್ತೇವೆ? ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿ, ಝಾಡಿಸಿ, ಕೈಯನ್ನು ಗಕ್ಕನೆ ನಿಲ್ಲಿಸುತ್ತೇವೆ. ಕೈ ನಿಂತ ಮೇಲೆ ಅಲೆ ಸೀರೆಯ ಆ ತುದಿಯವರೆಗೂ ಓಡಿ 'ಫಟ್' ಎನ್ನುತ್ತದೆ. ಕೈ ನಿಲ್ಲಿಸದೆ ಆಡಿಸುತ್ತಲೇ ಇದ್ದರೆ ಸೀರೆ ಮುದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ನಲವತ್ತು ವರ್ಷದಿಂದ ದಿನಾ ಮಾಡುತ್ತಿದ್ದ ಕೆಲಸ! ಅದನ್ನೇ ಕೋಲಿನಲ್ಲಿ ಮಾಡಿದೆ. ದಾರ 35 ಅಡಿಗೆ ಹೋಗಿ ಮಲಗಿತು. ಹಿರಿಯಾಕೆ ಚಪ್ಪಾಳೆ ತಟ್ಟಿದಳು. ಎದುರು ದಂಡೆಯ ಗಂಡಸರೂ ತಿರುಗಿ ನೋಡಿದರು. ಸುಳ್ಳೇಕೆ, ಸ್ವಲ್ಪ ಬೀಗಿದೆ.

ಎರಡನೆಯ ಪಾಠ ಮಣಿಕಟ್ಟಿನದು. ಹಿಂದಕ್ಕೆ ಬೀಸುವಾಗ ಮಣಿಕಟ್ಟು ಸಡಿಲ ಬಿಟ್ಟರೆ ಕೋಲಿನ ತುದಿ ಬೆನ್ನ ಹಿಂದೆ ನೆಲದ ಕಡೆಗೆ ಬಾಗುತ್ತದೆ, ದಾರ ಹುಲ್ಲಿಗೆ ಬಡಿಯುತ್ತದೆ. ಹಿಂದಿನ ಬೀಸು ಮೇಲ್ಮುಖವಾಗಿರಬೇಕು. ಕೋಲಿನ ತುದಿ ಆದಷ್ಟೂ ನೇರ ಗೆರೆಯಲ್ಲಿ ಸಾಗಬೇಕು, ಬಟ್ಟೆ ಒಣಹಾಕುವ ಹಗ್ಗ ಬಿಗಿದ ಹಾಗೆ. ಆಗ ಗಾಳಿಯಲ್ಲಿ ದಾರ ಮಾಡುವ ಕುಣಿಕೆ ಕಿರಿದಾಗಿರುತ್ತದೆ. ಕಿರಿದಾದ ಕುಣಿಕೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ತುದಿ ಕಮಾನಿನಂತೆ ತಿರುಗಿದರೆ ಕುಣಿಕೆ ಅಗಲವಾಗಿ, ಬಿಚ್ಚಿದ ಕೊಡೆಯಂತೆ ಗಾಳಿಗೆ ಸಿಕ್ಕಿ, ಅಲ್ಲೇ ಕುಸಿಯುತ್ತದೆ.

ಇದನ್ನೆಲ್ಲ ಹೆಂಗಸರು ಮಾಡುತ್ತಾರೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹಿರಿಯಾಕೆ ನಕ್ಕು ಒಂದು ಹೆಸರು ಹೇಳಿದಳು: ಜೋನ್ ವುಲ್ಫ್. ರಾತ್ರಿ ಮಗಳಿಂದ ಓದಿಸಿ ತಿಳಿದುಕೊಂಡೆ. ನ್ಯೂಜೆರ್ಸಿಯ ಪ್ಯಾಟರ್ಸನ್ನಿನಲ್ಲಿ 1926ರಲ್ಲಿ ಹುಟ್ಟಿದ ಹೆಣ್ಣುಮಗಳು. ಹತ್ತು ವರ್ಷದವಳಿದ್ದಾಗಲೇ ಎಸೆತಕ್ಕೆ ಮನಸೋತು ಅಪ್ಪನ ಬಿದಿರು ಕೋಲು ಹಿಡಿದವಳು. ಮೊದಲ ಸಲವೇ ಕೋಲಿನ ತುದಿ ಕಳಚಿ ಕೊಳಕ್ಕೆ ಬಿತ್ತಂತೆ! ಅಪ್ಪ ಬೈಯಲಿಲ್ಲ, ಕಲಿಸಿದರು. 1951ರಲ್ಲಿ ದೂರದ ಎಸೆತದ ರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಎದುರಿಗಿದ್ದವರೆಲ್ಲ ಗಂಡಸರೇ, ಗೆದ್ದವಳು ಈಕೆ. 1960ರಲ್ಲಿ 161 ಅಡಿ ಎಸೆದಳು. ಎಂದರೆ ಹತ್ತಿರ ಹತ್ತಿರ 27 ಮಾರು! ನಮ್ಮ ಬೀದಿಯ ಈ ತುದಿಯಿಂದ ಎಸೆದರೆ ಆರು ಮನೆ ದಾಟುತ್ತದೆ. ಆಕೆ ಪೈಲ್ವಾನಳೇನಲ್ಲ, ನೃತ್ಯ ಕಲಿಸುತ್ತಿದ್ದ ತೆಳ್ಳನೆಯ ಹೆಂಗಸು. ತೋಳೊಂದನ್ನೇ ನಂಬದೆ ಮೈಯೆಲ್ಲ ಸೇರಿಸಿ ಎಸೆಯುವುದನ್ನು ರೂಢಿಸಿಕೊಂಡವಳು. ಗಂಡನೊಡನೆ ಸೇರಿ 1979ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಶಾಲೆ ತೆರೆದಳು, 1987ರಲ್ಲಿ ಎಸೆತದ ಬಗ್ಗೆ ಪುಸ್ತಕ ಬರೆದಳು. ಇನ್ನೂ ಹಿಂದಕ್ಕೆ ಹೋದರೆ, ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳದ ಮೇಲಿನ ಹಳೆಯ ಗ್ರಂಥವನ್ನು ಜೂಲಿಯಾನಾ ಎಂಬ ಸನ್ಯಾಸಿನಿ ಬರೆದಳೆಂದು ಪ್ರತೀತಿ, ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಇನ್ನು ನಾನು ನಿಂತ ಅದೇ ಕೊಳದಲ್ಲಿ ಅಭ್ಯಾಸ ಮಾಡಿದ ಮ್ಯಾಕ್ಸೀನ್ ಮೆಕಾರ್ಮಿಕ್ ಎಂಬ ಹುಡುಗಿ 2016ರಲ್ಲಿ, ಹನ್ನೆರಡನೆಯ ವಯಸ್ಸಿಗೇ, ಎಸ್ಟೋನಿಯಾದಲ್ಲಿ ಗುರಿಯ ಎಸೆತದಲ್ಲಿ ವಿಶ್ವ ಚಾಂಪಿಯನ್ ಆದಳು. ಇಷ್ಟು ಓದಿಸಿಕೊಂಡ ಮೇಲೆ ನಾನು ಮಗಳಿಗೆ, "ಊರಿಗೆ ಹೋಗುವುದರೊಳಗೆ 60 ಅಡಿ ಎಸೆದೇ ಎಸೀತೀನಿ" ಎಂದು ಪಂಥ ಕಟ್ಟಿದೆ.

ಜೂನ್ ಬಂತು. 45 ಅಡಿಗೆ ಬಂದು ನಿಂತೆ. ಅಲ್ಲಿಂದ ಮುಂದಕ್ಕೆ ಒಂದಡಿಯೂ ಹೋಗಲೊಲ್ಲದು. ಎಲ್ಲಿ ತಪ್ಪುತ್ತಿದೆಯೋ ತಿಳಿಯದು. ಅದೇ ಹೊತ್ತಿಗೆ ಮನೆಯಲ್ಲಿ ಬೇರೊಂದು ಗಂಟು ಬಿತ್ತು.

ಮೊಮ್ಮಗನಿಗೆ ಬೇಸಿಗೆ ರಜ. ಒಂದು ಬುಧವಾರ ಪಕ್ಕದ ಮನೆಯ ತೆಲುಗಿನಾಕೆ ತನ್ನ ಮಗನ ಜೊತೆ ನಮ್ಮನ್ನೂ ಕಾರಿನಲ್ಲಿ ಕೂರಿಸಿಕೊಂಡು ಪಕ್ಕದ ಊರಿನ ಲೈಬ್ರರಿಗೆ ಗೊಂಬೆಯಾಟ ತೋರಿಸಲು ಕರೆದೊಯ್ದಳು. ಮಕ್ಕಳು ಒಳಗೆ ಕುಳಿತರು. ನಾನು ಸುಮ್ಮನೆ ಪುಸ್ತಕಗಳ ಸಾಲಿನಲ್ಲಿ ಅಡ್ಡಾಡುತ್ತಿದ್ದೆ. ಮೂಲೆಯ ಮೇಜಿನಲ್ಲಿ ನನ್ನ ಮಗಳು! ಬೆಳಿಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿಸಿಕೊಂಡು "ಆಫೀಸಿಗೆ ಹೊರಟೆನಮ್ಮ" ಎಂದು ಹೋದವಳು. ಎದುರಿಗೆ ಕಂಪ್ಯೂಟರು. ನಾನು ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿ ಪಕ್ಕದಲ್ಲಿ. ಅವಳು ನನ್ನನ್ನು ನೋಡಲಿಲ್ಲ. ನಾನು ಮಾತಾಡಿಸಲಿಲ್ಲ. ಮೊಮ್ಮಗ ಆ ಕಡೆ ಹೋಗದಂತೆ ನೋಡಿಕೊಂಡು ಮನೆಗೆ ಬಂದೆ. ಎದೆ ಹೊಡೆದುಕೊಳ್ಳುತ್ತಿತ್ತು.

ಸಂಜೆ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ. ಕೆಲಸ ಹೋಗಿ ಐದು ವಾರವಾಗಿತ್ತು. ಆ ವರ್ಷ ಅಲ್ಲಿನ ಕಂಪ್ಯೂಟರ್ ಕಂಪನಿಗಳಲ್ಲಿ ಎಷ್ಟೋ ಜನರ ಕೆಲಸ ಹೋಗಿತ್ತು, ಅವಳದೂ ಹೋಯಿತು. ಅಳಿಯನಿಗೆ ಗೊತ್ತು. ನನಗೊಬ್ಬಳಿಗೇ ಗೊತ್ತಿಲ್ಲ.

"ಯಾಕೆ ಹೇಳಲಿಲ್ಲ?" ಎಂದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನೇ ಶುರು ಮಾಡಿದೆ. "ಆವತ್ತೇ ಹೇಳಿದ್ದೆ, ಇಷ್ಟು ದೊಡ್ಡ ಮನೆ ಬೇಡ ಅಂತ. ಸಾಲದ ಕಂತಿಗೇನು ಮಾಡ್ತೀರಿ? ನಾನು ಬರೋ ಟಿಕೆಟ್ಟಿಗೆ ಬೇರೆ ಅಷ್ಟು ದುಡ್ಡು ಸುರಿದೆ. ಇಲ್ಲಿ ಕೆಲಸ ಗಟ್ಟಿ ಅಲ್ಲ ಅಂತ ನಿಮ್ಮಪ್ಪನೂ ಹೇಳ್ತಿರಲಿಲ್ವೇ..."

ಅವಳು ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. "ನೋಡಮ್ಮ, ಇದಕ್ಕೇ ಹೇಳಲಿಲ್ಲ" ಎಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೀವೇ ಹೇಳಿ, ತಾಯಿಯಾದವಳು ಕೇಳಬಾರದೇ? ಆತಂಕದಿಂದ ಎರಡು ಮಾತು ಬಂದರೆ ತಪ್ಪೇ? ಎರಡು ದಿನ ನನ್ನೊಳಗೆ ನಾನೇ ವಾದ ಮಾಡಿಕೊಂಡೆ. ಮನೆಯಲ್ಲಿ ಮಾತಿಲ್ಲ. ಅವಳು "ಊಟ ಆಯ್ತಾ" ಎನ್ನುವಳು, ನಾನು "ಆಯ್ತು" ಎನ್ನುವೆ. ಊರಿಗೆ ಹೋಗಿಬಿಡೋಣವೆಂದು ಟಿಕೆಟ್ಟಿನ ಕಾಗದ ಕೂಡ ಹುಡುಕಿದೆ.

ಶನಿವಾರ ಮೊಮ್ಮಗ ಬಿಡಲಿಲ್ಲ. ಅಳಿಯನಿಗೆ ಏನೋ ಕೆಲಸವಿತ್ತು. ಮಗಳೇ ಕಾರು ತೆಗೆದಳು. ಒಂದು ಗಂಟೆಯ ದಾರಿ, ಮಾತಿಲ್ಲ.

ಆವತ್ತು ನನ್ನ ಎಸೆತ ಹಾಳು ಎಂದರೆ ಹಾಳು. 45 ಇದ್ದದ್ದು 30ಕ್ಕೆ ಬಂತು. ಬೆನ್ನ ಹಿಂದೆ ಚಾಟಿ ಹೊಡೆದಂತೆ 'ಚಟ್' ಎಂದು ಸದ್ದು, ತುದಿಯ ಉಲ್ಲನ್ ನೂಲೇ ಹರಿದು ಹೋಯಿತು. ಹಿರಿಯಾಕೆ ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದಳು. "ನಿಮ್ಮ ನಿಲುಗಡೆ ಸರಿಯಾಗಿದೆ. ಬಲವೂ ಸಾಕು. ಆದರೆ ಹಿಂದಿನ ದಾರ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗಲೇ ನೀವು ಮುಂದಕ್ಕೆ ಶುರು ಮಾಡುತ್ತೀರಿ. ಅದು ಹೇಳಬೇಕಾದ್ದನ್ನು ಹೇಳಿ ಮುಗಿಸಲಿ. ಉದ್ದ ಹೆಚ್ಚಿದಷ್ಟೂ ಹೆಚ್ಚು ಹೊತ್ತು ಕಾಯಬೇಕು" ಎಂದಳು.

ಆಕೆ ಹೇಳಿದ್ದು ದಾರದ ಮಾತು. ನಮ್ಮ ಮನೆಯ ಸಂಗತಿ ಆಕೆಗೇನು ಗೊತ್ತು? ಆದರೆ ನನಗೆ ಚುರುಕ್ಕೆಂದಿತು. ನಮ್ಮವರು ಬದುಕಿದ್ದಾಗ ತಮಾಷೆಗೆ ಹೇಳುತ್ತಿದ್ದರು, "ನಿನ್ನ ಹತ್ತಿರ ಮಾತು ಶುರು ಮಾಡಬಹುದು ಮಾರಾಯ್ತಿ, ಮುಗಿಸೋಕಾಗಲ್ಲ" ಎಂದು. ನಾನದನ್ನು ಹೊಗಳಿಕೆಯೆಂದೇ ತಿಳಿದು ನಗುತ್ತಿದ್ದೆ.

ಕಾಯುವುದು ಹೇಗೆ ಎಂದೂ ಆಕೆ ತೋರಿಸಿದಳು. ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ಓರೆಯಾಗಿ ನಿಲ್ಲಬೇಕು. ಆಗ ತಿರುಗಿ ಹಿಂದಿನ ದಾರವನ್ನು ಕಣ್ಣಾರೆ ನೋಡಬಹುದು. ಕುಣಿಕೆ ಬಿಚ್ಚಿಕೊಂಡು, ಬಿಚ್ಚಿಕೊಂಡು, ಕೊನೆಗೆ ದಾರ ಹಾಸಿದಂತೆ ನೇರವಾಗುವ ಒಂದು ಕ್ಷಣವಿದೆ. ಅದಕ್ಕೆ ಮುಂಚೆ ಶುರು ಮಾಡಿದರೆ ಚಾಟಿಯ ಸದ್ದು, ಬಲವೆಲ್ಲ ಸೋರಿಹೋಗುತ್ತದೆ. ತೀರಾ ತಡವಾದರೆ ದಾರ ನೆಲಕ್ಕೆ ಬೀಳುತ್ತದೆ. ಆ ಕ್ಷಣವನ್ನು ಹಿಡಿಯಬೇಕು. ನೋಡುತ್ತ ನೋಡುತ್ತ ಬೀಸಿದೆ. ಹತ್ತು ಸಲಕ್ಕೆ ಎರಡು ಸಲ ಸಿಕ್ಕಿತು.

ಮನೆಗೆ ಹಿಂದಿರುಗುವಾಗ ಮೊಮ್ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ. ನಾನು ಮಗಳ ಕಡೆ ತಿರುಗಿ, "ಹೇಗಿದ್ದೀಯೇ?" ಎಂದು ಕೇಳಿದೆ. ಕೇಳಿ ಸುಮ್ಮನಾದೆ.

ಸೋದರಿಯರೇ, ಸುಮ್ಮನಿರುವುದು ಎಷ್ಟು ಕಷ್ಟವೆಂದು ನನಗೆ ಆವತ್ತು ತಿಳಿಯಿತು. ಕಾರು ಹೋಗುತ್ತಲೇ ಇತ್ತು. ಬೆಟ್ಟಗಳು ಬಂದವು, ಒಂದು ಸರೋವರ ಕಳೆಯಿತು. ನಾಲಗೆಯ ತುದಿಯಲ್ಲಿ ಮೂರು ನಾಲ್ಕು ಬುದ್ಧಿಮಾತು ಬಂದು ಕೂತಿದ್ದವು. ನುಂಗಿಕೊಂಡೆ. ಕೊನೆಗೆ ಅವಳೇ ಶುರು ಮಾಡಿದಳು. ಹನ್ನೊಂದು ವರ್ಷ ದುಡಿದ ಕಡೆ ಒಂದು ಬೆಳಿಗ್ಗೆ ಕಂಪ್ಯೂಟರು ತೆರೆಯಲಿಲ್ಲವಂತೆ, ಆಮೇಲೆ ಒಂದು ಪತ್ರ ಬಂತಂತೆ, ಅಷ್ಟೆ. ಅಳು ಬಂದದ್ದು ಅದಕ್ಕಲ್ಲವಂತೆ. "ನೀನು ಊರಲ್ಲೆಲ್ಲ ಹೇಳಿಕೊಂಡಿದ್ದೀಯಮ್ಮ, ಮಗಳು ಹಾಗೆ, ಮಗಳು ಹೀಗೆ ಅಂತ. ಅಪ್ಪ ಹೋದ ಮೇಲೆ ನಿನಗೆ ಉಳಿದಿರೋ ಸಂತೋಷ ಅದೊಂದೇ. ಅದನ್ನೂ ಹೇಗೆ ಕಿತ್ತುಕೊಳ್ಳಲಿ ಅನ್ನಿಸ್ತು" ಎಂದಳು.

ಇಷ್ಟು ಹೇಳಲು ಅವಳಿಗೆ ಅರ್ಧ ದಾರಿ ಬೇಕಾಯಿತು. ನಡುನಡುವೆ ನಿಲ್ಲಿಸುತ್ತಿದ್ದಳು. ಹಿಂದಿನ ನಾನಾಗಿದ್ದರೆ ಮೊದಲ ನಿಲುಗಡೆಯಲ್ಲೇ ನುಗ್ಗಿಬಿಡುತ್ತಿದ್ದೆ. ಆಗ ಈ ಕೊನೆಯ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ನಾನು ಉತ್ತರ ಕೊಡಲಿಲ್ಲ. ಅವಳ ತೊಡೆಯ ಮೇಲೆ ಕೈಯಿಟ್ಟೆ. ಮನೆ ಬರುವ ತನಕ ತೆಗೆಯಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಮಗಳು ನನ್ನ ಪಕ್ಕದಲ್ಲೇ, ಸ್ವಲ್ಪ ದೂರದಲ್ಲಿ ನಿಲ್ಲುತ್ತಿದ್ದಳು. ಹಿಂದಿನ ದಾರ ನೇರವಾದ ಕೂಡಲೇ "ಈಗ!" ಎನ್ನುವಳು. ನಾನು ಮುಂದಕ್ಕೆ ಬೀಸುವೆ. 50 ಆಯಿತು, 53 ಆಯಿತು. ಅಲ್ಲಿಗೆ ಬಂದ ಮೇಲೆ ಹಿರಿಯಾಕೆ ಎಡಗೈಯ ಪಾಠ ಹೇಳಿದಳು. ಇದಕ್ಕೆ ಡಬಲ್ ಹಾಲ್ ಎನ್ನುತ್ತಾರೆ. ಬಲಗೈ ಕೋಲನ್ನು ಬೀಸುವಾಗ ಎಡಗೈ ದಾರವನ್ನು ಕೆಳಕ್ಕೆ ಚುರುಕಾಗಿ ಎಳೆಯಬೇಕು. ದಾರದ ವೇಗ ಹೆಚ್ಚುತ್ತದೆ. ಹಿಂದಿನ ಬೀಸಿಗೊಂದು ಎಳೆತ, ಮುಂದಿನ ಬೀಸಿಗೊಂದು ಎಳೆತ. ಆದರೆ ಒಂದು ಗುಟ್ಟಿದೆ: ಎಳೆದ ಕೂಡಲೇ ಕೈಯನ್ನು ಮೇಲಕ್ಕೆ ಬಿಟ್ಟುಕೊಡಬೇಕು. ಬಿಚ್ಚಿಕೊಳ್ಳುತ್ತಿರುವ ದಾರ ತನಗೆ ಬೇಕಾದಷ್ಟನ್ನು ವಾಪಸು ತೆಗೆದುಕೊಳ್ಳುತ್ತದೆ. ಎಳೆದದ್ದನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತರೆ ಮುಂದಿನ ಎಳೆತಕ್ಕೆ ಜಾಗವೇ ಇರುವುದಿಲ್ಲ.

ಅಲ್ಲಿದ್ದ ಗಂಡಸರು ಇದನ್ನು ಕಲಿಯಲು ಒಂದು ವರ್ಷ ಹೆಣಗಿದರಂತೆ. ನನಗೆ ಎರಡು ಶನಿವಾರ ಸಾಕಾಯಿತು. ಯಾಕೆ ಹೇಳಿ? ಮಜ್ಜಿಗೆ ಕಡೆದ ಕೈ! ಕಡಗೋಲಿನ ಹಗ್ಗದಲ್ಲಿ ಒಂದು ಕೈ ಎಳೆದಾಗ ಇನ್ನೊಂದು ಬಿಟ್ಟುಕೊಡಬೇಕು. ಎರಡನ್ನೂ ಎಳೆದು ಹಿಡಿದರೆ ಕಡಗೋಲು ನಿಂತಲ್ಲೇ ನಿಲ್ಲುತ್ತದೆ, ಬೆಣ್ಣೆ ಬರುವುದಿಲ್ಲ. ಇದನ್ನು ಹಿರಿಯಾಕೆಗೆ ಅಭಿನಯಿಸಿ ತೋರಿಸಿದೆ. ಆಕೆ ತನ್ನ ಶಿಷ್ಯರಿಗೆಲ್ಲ ಇನ್ನು ಅದನ್ನೇ ತೋರಿಸುತ್ತೇನೆ ಎಂದಳು.

ಸೆಪ್ಟೆಂಬರಿನಲ್ಲಿ ಮಗಳಿಗೆ ಬೇರೆ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ನಾನು "ಎಷ್ಟು ಕಡಿಮೆ?" ಎಂದು ಕೇಳಲಿಲ್ಲ. (ಅವಳೇ ನಾಲ್ಕು ದಿನದ ಮೇಲೆ ಹೇಳಿದಳು.) ಅಕ್ಟೋಬರಿನ ಮೊದಲ ಶನಿವಾರ, ಊರಿಗೆ ಹೊರಡುವ ಹಿಂದಿನ ವಾರ, ದಂಡೆಯ ಮೇಲೆ ಟೇಪು ಹಾಸಿ ಮೊಮ್ಮಗ ಅಳೆದ. 62 ಅಡಿ! ಹತ್ತು ಮಾರು ದಾಟಿತ್ತು. ಹೆಗಲು ಸ್ವಲ್ಪವೂ ನೋಯುತ್ತಿರಲಿಲ್ಲ.

ನಿಮ್ಮಲ್ಲಿ ಮಕ್ಕಳ ಮನೆಗೆಂದು ಹೊರದೇಶಕ್ಕೆ ಹೋಗುವವರಿರಬಹುದು. ಕಾಶ್ಮೀರ, ಹಿಮಾಚಲದ ಪ್ರವಾಸ ಹೋದಾಗ ಅಲ್ಲಿನ ಹೊಳೆಗಳಲ್ಲಿ ಟ್ರೌಟ್ ಮೀನಿಗೆ ಹೀಗೇ ಗಾಳ ಹಾಕುವವರನ್ನೂ ಕಾಣಬಹುದು. ಕೋಲು ಕೈಗೆ ಸಿಕ್ಕರೆ ಹಿಂಜರಿಯಬೇಡಿ. ನಾನು ಕಲಿತ ನಾಲ್ಕು ಮಾತು ಇಲ್ಲಿವೆ:

ಹೆಬ್ಬೆರಳು ಹಿಡಿಯ ಮೇಲಿರಲಿ. ಶುರು ಮಾಡುವಾಗ ಕೋಲಿನ ತುದಿ ನೀರಿನ ಹತ್ತಿರ ಇರಲಿ, ದಾರದಲ್ಲಿ ಸಡಿಲವಿರಬಾರದು. ಸಡಿಲವಿದ್ದರೆ ಅರ್ಧ ಬೀಸು ಅದನ್ನು ಬಿಗಿಮಾಡುವುದಕ್ಕೇ ಹೋಗುತ್ತದೆ.

ದಾರ ಉದ್ದವಾದಷ್ಟೂ ಕೈಯ ಬೀಸು ದೊಡ್ಡದಾಗಲಿ, ಕಾಯುವ ಹೊತ್ತು ಹೆಚ್ಚಾಗಲಿ. ಚಿಕ್ಕ ದಾರಕ್ಕೆ ಚಿಕ್ಕ ಬೀಸು ಸಾಕು.

ಹೆಚ್ಚಿನ ದಾರವನ್ನು ಎಡಗೈಯಿಂದ ಬಿಡುವುದು ಕೋಲು ನಿಂತ ಮೇಲೆಯೇ. ಮೊದಲೇ ಬಿಟ್ಟರೆ ದಾರದ ಬಿಗಿ ತಪ್ಪಿ ಎಸೆತ ಕುಸಿಯುತ್ತದೆ. ಹಿಂದೆ ಮುಂದೆ ಎರಡು ಮೂರು ಬೀಸು ಸಾಕು. ಹತ್ತು ಸಲ ಬೀಸಿದರೆ ದೂರ ಹೋಗುವುದಿಲ್ಲ, ಕೈ ಸೋಲುತ್ತದೆ.

ದಾರವನ್ನು ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಒರೆಸಿ ಇಟ್ಟುಕೊಳ್ಳಿ. ಕೊಳೆಯಾದ ದಾರ ಕೋಲಿನ ಬಳೆಗಳಲ್ಲಿ ಜಾರುವುದಿಲ್ಲ. ಎಸೆಯುವ ಮೊದಲು ಇಬ್ಬರು ಹಿಡಿದು ಮೆಲ್ಲಗೆ ಜಗ್ಗಿದರೆ ರೀಲಿನಲ್ಲಿ ಸುತ್ತಿದ ಸುರುಳಿ ಹೋಗುತ್ತದೆ. ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ ಇರಲಿ. ಅಭ್ಯಾಸಕ್ಕೆ ಕೊಳವೇ ಬೇಕೆಂದಿಲ್ಲ, ಹುಲ್ಲು ಬಯಲಾದರೂ ಸಾಕು. ಕೊಕ್ಕೆ ಮಾತ್ರ ಬೇಡ.

ಹೊರಡುವ ದಿನ ಹಿರಿಯಾಕೆ ತನ್ನದೊಂದು ಹಳೆಯ ಕೋಲನ್ನು ನಾಲ್ಕು ತುಂಡು ಮಾಡಿ ಚೀಲದಲ್ಲಿ ಹಾಕಿ ಕೊಟ್ಟಳು. ಬೆದರಬೇಡಿ, ಅದು ಬಿಚ್ಚಿ ಜೋಡಿಸುವ ಕೋಲು. ಈಗ ಬೆಳಿಗ್ಗೆ ಆರಕ್ಕೆ ನಮ್ಮ ಬೀದಿಯ ಸ್ಕೂಲಿನ ಬಯಲಿಗೆ ಹೋಗುತ್ತೇನೆ. ಮೊದಮೊದಲು ವಾಕಿಂಗ್ ಬರುವವರು, "ಏನ್ರೀ ಇದು, ಮೇಷ್ಟ್ರ ಮನೆಯವರು ಬಯಲಲ್ಲಿ ಮೀನು ಹಿಡೀತಿದಾರೆ" ಎಂದು ನಗುತ್ತಿದ್ದರು. ಈಗ ಎದುರು ಮನೆಯ ಸೊಸೆಯೂ ಬರುತ್ತಾಳೆ. ಅವಳದು ಇನ್ನೂ ಶ್ಯಾವಿಗೆ ಹಂತ.

ಭಾನುವಾರ ಸಂಜೆ ಮಗಳ ಫೋನು ಬರುತ್ತದೆ. ಮೊದಲೆಲ್ಲ ನಾನೇ ಮುಕ್ಕಾಲು ಪಾಲು ಮಾತಾಡಿ ಇಡುತ್ತಿದ್ದೆ. ಈಗ ಅವಳು ಒಂದು ಮಾತು ಹೇಳಿ ನಿಲ್ಲಿಸುತ್ತಾಳೆ. ನಾನೂ ಸುಮ್ಮನಿರುತ್ತೇನೆ. ಆ ಕಡೆಯಿಂದ, "ಅಮ್ಮಾ, ಇದ್ದೀಯಾ?" ಎನ್ನುತ್ತಾಳೆ.

"ಇದ್ದೀನಿ ಕಣೇ. ನೀನು ಹೇಳು."